ಮೇಸ್ತ್ರಿಯ ಕೈಮಾತು

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಮನೆಗೆ ಬರುತ್ತಿದ್ದ ಆ ಹೆಂಗಸನ್ನು ಕಂಡರೆ ಮೇಸ್ತ್ರಿಗೆ ಮೈಯೆಲ್ಲ ಉರಿ. ಅವಳು ಅವನಿಗೆ ಮಾಡಿದ ಕೇಡಾದರೂ ಏನು? ಏನೂ ಇಲ್ಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕೈ ತೊಳೆದು, ನೆಲದ ಮೇಲೆ ಕಾಲು ಮಡಚಿ ಕೂತು, ತಾನು ತಂದ ನೀಲಿ ಚೀಲದ ಜಿಪ್ಪು ಎಳೆಯುತ್ತಿದ್ದಳು, ಅಷ್ಟೇ. ಆದರೆ ಜಿಪ್ಪು ಎಳೆದ ಗಳಿಗೆಗೆ ಸರಿಯಾಗಿ ಮೇಸ್ತ್ರಿಯ ಮೊಮ್ಮಗಳು ಅವನ ತೊಡೆಯಿಂದ ಜಾರಿ, ಹಿಂದೆ ತಿರುಗಿಯೂ ನೋಡದೆ, ಅವಳ ಮುಂದೆ ಹೋಗಿ ಕೂರುತ್ತಿದ್ದಳು. ವಾರವಿಡೀ ಬೆಳಗಿನಿಂದ ಸಂಜೆಯವರೆಗೆ ಮಗುವಿನ ಮೂಗು ಒರೆಸಿ, ತುತ್ತು ತಿನ್ನಿಸಿ, ಚಡ್ಡಿ ಬದಲಾಯಿಸಿದವನು ತಾನು. ಒಂದು ಚೀಲ ಕಂಡ ಕೂಡಲೇ ಆ ಮಗು ತನ್ನನ್ನು ಮರೆಯುವುದೆಂದರೆ? ಆ ಹೆಂಗಸಿನ ನಿಜವಾದ ಹೆಸರನ್ನು ಮೇಸ್ತ್ರಿ ಒಂದು ದಿನವೂ ಬಾಯಲ್ಲಿ ಆಡಲಿಲ್ಲ. ಎದುರಿಗೆ ಟೀಚರಮ್ಮ ಎನ್ನುತ್ತಿದ್ದ, ಹಿಂದಿನಿಂದ ಚೀಲದಮ್ಮ.

ಮೇಸ್ತ್ರಿ ಎಂದ ಕೂಡಲೇ ಕಲ್ಲು, ಗಾರೆ ನೆನೆಸಿಕೊಳ್ಳಬೇಡಿ. ಇವನು ನೇಯ್ಗೆ ಗಿರಣಿಯವನು. ಮೂವತ್ತೆಂಟು ವರ್ಷ ಮಗ್ಗಗಳ ನಡುವೆ ನಿಂತು, ಕಡೆಯ ಹತ್ತು ವರ್ಷ ನಲವತ್ತು ಮಗ್ಗಗಳ ಮೇಸ್ತ್ರಿಯಾಗಿ, ನಿವೃತ್ತನಾದ ಮೇಲೆ ಆ ಹೆಸರನ್ನು ಮಗಳ ಮನೆಗೂ ಹೊತ್ತು ತಂದವನು. ಮಗ್ಗದ ಶೆಡ್ಡಿನೊಳಗೆ ಪಕ್ಕದಲ್ಲಿ ನಿಂತವನು ಬೊಬ್ಬೆ ಹೊಡೆದರೂ ಕೇಳಿಸದು. ಅಲ್ಲಿ ಮಾತೆಲ್ಲ ಕೈಯಲ್ಲೇ. ಹೆಬ್ಬೆರಳನ್ನು ತುಟಿಗೆ ತಂದರೆ ನೀರು. ಎರಡು ತೋರುಬೆರಳು ಕೂಡಿಸಿ ಪಟ್ಟನೆ ಬಿಡಿಸಿದರೆ ಎಳೆ ಕಡಿದಿದೆ. ಕೆನ್ನೆಗೆ ಅಂಗೈ ಇಟ್ಟರೆ ಪಾಳಿ ಮುಗಿಯಿತು, ಮಲಗೋಣ. ಹಣೆಯ ಮೇಲೆ ಎರಡು ಬೆರಳು ತಟ್ಟಿದರೆ ಸೂಪರ್‌ವೈಸರ್ ಬಂದ, ಬಾಯಿ ಮುಚ್ಚಿಕೊಂಡು ತಲೆ ತಗ್ಗಿಸಿ ಕೆಲಸ ನೋಡಿ. ಈ ಭಾಷೆಯಲ್ಲಿ ಮೇಸ್ತ್ರಿ ಜಗಳ ಆಡಿದ್ದ, ತಮಾಷೆ ಮಾಡಿದ್ದ, ಒಬ್ಬನ ಮದುವೆಯನ್ನೂ ಕುದುರಿಸಿದ್ದ.

ಮಗಳು ಹೆರಿಗೆ ರಜೆ ಮುಗಿಸಿ ಔಷಧಿ ಅಂಗಡಿಯ ಕೌಂಟರಿಗೆ ಮರಳಿದಾಗ ಮಗುವಿಗೆ ಹತ್ತು ತಿಂಗಳು. ಅಳಿಯ ದೂರದ ಊರುಗಳಿಗೆ ಲಾರಿ ಓಡಿಸುವವನು. ಹದಿನೈದು ದಿನಕ್ಕೊಮ್ಮೆ ಬಂದು, ಹೊಟ್ಟೆ ತುಂಬ ನಿದ್ದೆ ಮಾಡಿ ಹೋಗುವವನು. ಹಾಗಾಗಿ ಹೆಂಡತಿ ತೀರಿಕೊಂಡು ಒಬ್ಬಂಟಿಯಾಗಿದ್ದ ಮೇಸ್ತ್ರಿಯ ಮಡಿಲಿಗೆ ಮಗು ಬಂತು. ತನ್ನ ಮಗಳನ್ನು ಅವನು ಹೀಗೆ ಎತ್ತಿ ಆಡಿಸಿದವನಲ್ಲ. ಆಗ ಪಾಳಿಯ ಮೇಲೆ ಪಾಳಿ. ಅವನು ಬಂದಾಗ ಅವಳು ಮಲಗಿರುತ್ತಿದ್ದಳು, ಅವಳು ಎದ್ದಾಗ ಅವನು ಇರುತ್ತಿರಲಿಲ್ಲ. ಈ ಸಲ ಕೈಗೆ ಬಂದ ಮಗುವನ್ನು ಅವನು ಕೆಳಗೇ ಬಿಡಲಿಲ್ಲ. ಗುಬ್ಬಿ ಎಂದು ಕರೆದ. ತನಗೆ ಚೆನ್ನಾಗಿ ಗೊತ್ತಿದ್ದ ಭಾಷೆಯನ್ನು ಕಲಿಸಿದ. ಒಂದೂವರೆ ವರ್ಷಕ್ಕೆಲ್ಲ ಗುಬ್ಬಿ ಹೆಬ್ಬೆರಳನ್ನು ತುಟಿಗೆ ತಂದು ನೀರು ಕೇಳಿದಳು. ಬಿಸ್ಕತ್ತು ಮುರಿದರೆ ಎಳೆ ಕಡಿದಿದೆ ಎಂದು ಬೆರಳು ಬಿಡಿಸಿದಳು. ಒಂದು ಸಂಜೆ ಮಗಳು ಕೆಲಸದಿಂದ ಬಂದು ತಲೆ ಹಿಡಿದುಕೊಂಡು ಕೂತಾಗ ಗುಬ್ಬಿ ಅಮ್ಮನನ್ನು ತೋರಿಸಿ ಅದನ್ನೇ ಹೇಳಿದಳು, ಎಳೆ ಕಡಿದಿದೆ. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. “ಏನಂತೆ?” ಎಂದು ಮಗಳು ಕೇಳಿದರೆ, “ಏನಿಲ್ಲ, ಏನೋ ಆಟ” ಎಂದುಬಿಟ್ಟ.

ಎರಡು ವರ್ಷ ತುಂಬಿದರೂ ಗುಬ್ಬಿಯ ಬಾಯಿಂದ ಮಾತು ಹೊರಡಲಿಲ್ಲ. ಹೆಸರಿಗೆ ಗುಬ್ಬಿ, ಮನೆಯಲ್ಲಿ ಮಾತ್ರ ಚಿಲಿಪಿಲಿ ಇಲ್ಲ. ಮಗಳು ಹೆದರಿದಳು. ಒಂದು ದಿನ ಚಪ್ಪಲಿಯನ್ನೂ ಬಿಚ್ಚದೆ ಹೊಸ್ತಿಲಲ್ಲೇ ಕುಸಿದು ಕೂತು, “ಅಪ್ಪಾ, ನನ್ನ ಮಗು ಏನು ಕೇಳ್ತಿದೆ ಅಂತ ನಂಗೇ ಗೊತ್ತಾಗಲ್ಲ. ಪ್ರತಿಯೊಂದಕ್ಕೂ ನಿನ್ನ ಕೇಳಿ ತಿಳ್ಕೋಬೇಕು” ಎಂದಳು. ಮೇಸ್ತ್ರಿಗೆ ಅಯ್ಯೋ ಪಾಪ ಅನಿಸಬೇಕಿತ್ತು. ಅನಿಸಿದ್ದು ಖುಷಿ. ನಾಚಿಕೆಗೇಡಿನ ಮಾತು, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ಗುಬ್ಬಿಯ ಮನಸ್ಸಿನ ಬೀಗದ ಕೈ ಈ ಮನೆಯಲ್ಲಿ ತನ್ನೊಬ್ಬನ ಹತ್ತಿರ ಇದೆಯೆಂದು ಅವನು ಒಳಗೊಳಗೇ ಬೀಗಿದ.

ಇನ್ನೊಂದು ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೇಸ್ತ್ರಿಯ ಕಿವಿ ಹೋಗಿತ್ತು. ಗಂಡಸರ ದಪ್ಪ ದನಿ ಹತ್ತಿರದಿಂದ ಕೇಳಿಸುತ್ತಿತ್ತು. ಹೆಂಗಸರ ಮಾತನ್ನು ತುಟಿ ನೋಡಿ ಓದುತ್ತಿದ್ದ. ಸಣ್ಣ ದನಿಗಳಂತೂ ಅವನ ಪಾಲಿಗೆ ಇರಲೇ ಇಲ್ಲ. ಅಪ್ಪನಿಗೆ ಕಿವಿ ಸ್ವಲ್ಪ ಮಂದ ಎಂದಷ್ಟೇ ಮಗಳಿಗೆ ಗೊತ್ತು. ಉಳಿದದ್ದನ್ನು ಅವನು ಸಿಡುಕಿನಿಂದ ಮುಚ್ಚಿಟ್ಟಿದ್ದ. ಉತ್ತರ ಕೊಡಲಿಲ್ಲವೇಕೆ ಎಂದರೆ, “ಕೇಳಿಸ್ತು, ಬೇಕಂತಲೇ ಸುಮ್ನಿದ್ದೆ” ಎನ್ನುವನು. ಕಿವಿ ಕೇಳದ ಮುದುಕನ ಕೈಯಲ್ಲಿ ಮಗು ಕೊಟ್ಟು ಯಾರು ಕೆಲಸಕ್ಕೆ ಹೋಗುತ್ತಾರೆ? ಗುಬ್ಬಿಯನ್ನು ತನ್ನಿಂದ ಕಿತ್ತುಕೊಂಡುಬಿಡುತ್ತಾರೆ ಎನ್ನುವುದೊಂದೇ ಅವನ ಭಯ.

ಮಗಳು ಮಕ್ಕಳ ಬೆಳವಣಿಗೆ ಕೇಂದ್ರಕ್ಕೆ ಫೋನು ಮಾಡಿದಳು. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ವಾರಕ್ಕೊಮ್ಮೆ ಬಂದು, ಮಗುವಿನ ಜೊತೆ ಹೇಗೆ ಆಡಬೇಕು, ಹೇಗೆ ಮಾತಾಡಬೇಕು ಎಂದು ತಂದೆತಾಯಿಗೆ ಹೇಳಿಕೊಡುವವರು ಅವರು. ಹಾಗೆ ಬಂದವಳೇ ಚೀಲದಮ್ಮ. ಮೊದಲ ಮಂಗಳವಾರ ಅವಳು ಕೇಳಿದ ಪ್ರಶ್ನೆಗಳಿಗೆ ಮಗಳು ಒಂದೊಂದಾಗಿ ಉತ್ತರ ಹೇಳಿದಳು. ಊಟ, ನಿದ್ದೆ, ನಡಿಗೆ. “ಒಂದಾದ್ರೂ ಮಾತು ಆಡ್ತಾಳಾ?” ಎಂದು ಚೀಲದಮ್ಮ ಕೇಳಿದ್ದು, ಮಗಳು ಒಂದು ಗಳಿಗೆ ತಡೆದು “ಇಲ್ಲ” ಎಂದದ್ದು ಮೇಸ್ತ್ರಿಗೆ ತುಟಿಗಳಲ್ಲಿ ಕಾಣಿಸಿತು. ಆಮೇಲೆ ಚೀಲದಮ್ಮ ಕಾಳು ತುಂಬಿದ ಡಬ್ಬಿಯೊಂದನ್ನು ತೆಗೆದು, ಗುಬ್ಬಿಯ ಬೆನ್ನ ಹಿಂದೆ ಹಿಡಿದು ಅಲ್ಲಾಡಿಸಿದಳು. ಗುಬ್ಬಿ ತಟ್ಟನೆ ತಿರುಗಿದಳು. ಪಕ್ಕದಲ್ಲೇ ಇದ್ದ ಮೇಸ್ತ್ರಿ ತಿರುಗಲಿಲ್ಲ. ಗುಬ್ಬಿ ತಿರುಗಿದ್ದನ್ನು ನೋಡಿ ಆಮೇಲೆ ತಾನೂ ತಿರುಗಿದ. ಚೀಲದಮ್ಮ ಅವನ ಮುಖವನ್ನು ಒಮ್ಮೆ ನೋಡಿದಳು, ಏನೂ ಹೇಳಲಿಲ್ಲ. ಮೇಸ್ತ್ರಿ ಕಣ್ಣು ತಪ್ಪಿಸಿದ.

ಎರಡನೆಯ ವಾರ ಅವಳು ನಗುತ್ತಲೇ ಹೇಳಿದಳು, “ಯಜಮಾನ್ರೇ, ಈ ಒಂದು ಗಂಟೆ ನೀವು ಸ್ವಲ್ಪ ಹೊರಗೆ ಕೂತಿರ್ತೀರಾ? ಅಮ್ಮ-ಮಗು ಇಬ್ಬರೇ ಆಡಲಿ.” ಸ್ವಲ್ಪ ಹೊರಗೆ! ವಾರವೆಲ್ಲ ಸಾಕಿದವನು ಹೊರಗೆ, ಮಂಗಳವಾರ ಅರ್ಧ ದಿನ ರಜೆ ಹಾಕಿ ಬಂದ ಮಗಳು ಒಳಗೆ. ಮೇಸ್ತ್ರಿ ಮುಖ ಗಂಟು ಹಾಕಿಕೊಂಡು ಪಡಸಾಲೆಯ ಕುರ್ಚಿಯನ್ನು ಕಿಟಕಿಗೆ ಎದುರಾಗಿ ಎಳೆದುಕೊಂಡ. ಅಲ್ಲಿಂದ ಎಲ್ಲ ಕಾಣುತ್ತಿತ್ತು. ಚೀಲದಮ್ಮ ತಾನಾಗಿ ಮಗುವನ್ನು ಮುಟ್ಟುತ್ತಿರಲಿಲ್ಲ. ಮರದ ಬಳೆಗಳನ್ನೋ ಬಟ್ಟೆಯ ಚೆಂಡನ್ನೋ ಮಗಳ ಕೈಗೆ ಕೊಟ್ಟು, ಪಕ್ಕಕ್ಕೆ ಸರಿದು, “ನೀವೇ ಮಾಡಿ, ಅವಳು ನೋಡಲಿ” ಎನ್ನುತ್ತಿದ್ದಳು. ಮಗಳಿಗೆ ಆಟ ಬರುತ್ತಿರಲಿಲ್ಲ. ಕೌಂಟರಿನಲ್ಲಿ ಮಾತ್ರೆ ಎಣಿಸಿ ಕೊಡುವ ಹಾಗೆ ಬಳೆಗಳನ್ನು ಎಣಿಸಿ ಕೊಡುತ್ತಿದ್ದಳು. ಗುಬ್ಬಿ ಆಕಳಿಸುತ್ತಿದ್ದಳು. ಮೇಸ್ತ್ರಿಗೆ ಹಾಲು ಕುಡಿದಷ್ಟು ಸಂತೋಷ.

ಆ ಸಂತೋಷ ಮೂರನೆಯ ಮಂಗಳವಾರಕ್ಕೆ ಮಣ್ಣುಪಾಲಾಯಿತು. ಅವತ್ತು ಮಗಳು ತನ್ನ ವೇಲನ್ನು ಮುಖದ ಮೇಲೆ ಎಳೆದುಕೊಂಡು, ಸರಕ್ಕನೆ ಸರಿಸಿದಳು. ಗುಬ್ಬಿ ನಕ್ಕಳು. ಮತ್ತೆ ಎಳೆದಳು, ಸರಿಸಿದಳು. ಗುಬ್ಬಿ ಹಿಂದಕ್ಕೆ ಬಿದ್ದು, ಕಾಲು ಬಡಿದು ನಕ್ಕಳು. ಆ ನಗು ಮೇಸ್ತ್ರಿಗೆ ಕೇಳಿಸಲಿಲ್ಲ, ಕಣ್ಣಿಗೆ ಮಾತ್ರ ಬಿತ್ತು. ತನ್ನ ಜೊತೆ ಗುಬ್ಬಿ ಯಾವತ್ತಾದರೂ ಹೀಗೆ ಬಿದ್ದು ಬಿದ್ದು ನಕ್ಕಿದ್ದಾಳೆಯೇ? ನೆನಪಾಗಲಿಲ್ಲ. ನಗುತ್ತ ಗುಬ್ಬಿ ಕಿಟಕಿಯತ್ತ ನೋಡಿದಳು, ತಾತನೂ ನೋಡಿದನೇ ಎಂದು. ಮೇಸ್ತ್ರಿ ಎರಡು ಬೆರಳೆತ್ತಿ ಹಣೆಗೆ ತಟ್ಟಿಕೊಂಡ.

ಸೂಪರ್‌ವೈಸರ್ ಬಂದ ಎನ್ನುವುದು ಅವರಿಬ್ಬರ ದಿನದ ಆಟ. ಮೇಸ್ತ್ರಿ ಹಣೆ ತಟ್ಟಿದರೆ ಗುಬ್ಬಿ ಕಲ್ಲಿನ ಹಾಗೆ ಕೂರಬೇಕು, ನಗಬಾರದು, ಯಾರನ್ನೂ ನೋಡಬಾರದು. ಅವನು ಚಿಟಿಕೆ ಹೊಡೆಯುವ ಹಾಗೆ ಕೈ ಮಾಡುವವರೆಗೆ ಹಾಗೇ ಇದ್ದರೆ ಬಾಳೆಹಣ್ಣು. ಗುಬ್ಬಿ ಆ ಆಟದಲ್ಲಿ ಬಲು ಗಟ್ಟಿ. ಮುಖದ ನಗುವನ್ನು ಹಾಗೇ ನುಂಗಿ, ತಲೆ ತಗ್ಗಿಸಿ, ಚಾಪೆಯ ಅಂಚನ್ನು ನೋಡುತ್ತ ಕೂತಳು. ಮಗಳು ವೇಲು ಎಳೆದಳು, ಸರಿಸಿದಳು, ಮತ್ತೆ ಎಳೆದಳು. ಗುಬ್ಬಿ ಮಿಸುಕಲಿಲ್ಲ. ಮಗಳ ಕೈ ನಿಧಾನವಾಗಿ ಮಡಿಲಿಗೆ ಇಳಿಯಿತು. ಚೀಲದಮ್ಮ ಪುಸ್ತಕ ತೆಗೆದು ಏನೋ ಬರೆದುಕೊಂಡಳು.

ಒಂದೇ ವಾರಕ್ಕೆ ಬಿಟ್ಟಿದ್ದರೆ ಕ್ಷಮಿಸಬಹುದಿತ್ತು. ಮುಂದಿನ ಮೂರು ವಾರವೂ ಇದೇ ಕಥೆ. ಗುಬ್ಬಿಯ ಮುಖ ಅರಳುವ ಹೊತ್ತು ನೋಡಿ ಕಿಟಕಿಯಾಚೆ ಎರಡು ಬೆರಳು ಏಳುತ್ತಿದ್ದವು. ಒಳಗಿದ್ದ ಇಬ್ಬರೂ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಚೀಲದಮ್ಮ ಹೋದ ಮೇಲೆ ಮೇಸ್ತ್ರಿ ಗುಬ್ಬಿಗೆ ಬಾಳೆಹಣ್ಣು ಸುಲಿದು ಕೊಟ್ಟು, “ನಮ್ಮ ಗುಬ್ಬಿ ಯಾರಿಗೂ ಸೊಪ್ಪು ಹಾಕಲ್ಲ” ಎಂದು ಬೆನ್ನು ಸವರುತ್ತಿದ್ದ. ಒಳಗೆ ಮಗಳು ನೆಲದಲ್ಲಿ ಬಿದ್ದಿದ್ದ ಬಳೆಗಳನ್ನು ಒಂದೊಂದಾಗಿ ಹೆಕ್ಕುತ್ತಿದ್ದಳು.

ಏಳನೆಯ ಮಂಗಳವಾರ ಚೀಲದಮ್ಮ ಜಿಪ್ಪು ಎಳೆಯಲಿಲ್ಲ. ಒಂದು ಕಾಗದ ತಂದಿದ್ದಳು. ಮೇಸ್ತ್ರಿಯನ್ನೂ ಒಳಗೆ ಕರೆದು ಕೂರಿಸಿ, ಅವನಿಗೆ ಕಾಣುವಂತೆ ಮುಖ ತಿರುಗಿಸಿಕೊಂಡು ನಿಧಾನವಾಗಿ ಓದಿದಳು. ಮಗುವಿಗೆ ಎರಡು ವರ್ಷ ನಾಲ್ಕು ತಿಂಗಳು. ಮಾತು ಇಲ್ಲ. ನೋಡಿದ್ದನ್ನು ತಾನೂ ಮಾಡುವುದು ಇಲ್ಲ. ನಗುತ್ತಿದ್ದಂತೆಯೇ ಇದ್ದಕ್ಕಿದ್ದ ಹಾಗೆ ಮಂಕಾಗುತ್ತದೆ, ಆಮೇಲೆ ಯಾರ ಕಣ್ಣನ್ನೂ ನೋಡುವುದಿಲ್ಲ. “ಇದು ಹೀಗೇ ಬಿಡೋ ಹಂಗಿಲ್ಲ. ಒಂದನೇ ತಾರೀಖಿಂದ ನಮ್ಮ ಕೇಂದ್ರದಲ್ಲೇ ಇರಲಿ. ಬೆಳಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ. ದೊಡ್ಡ ಡಾಕ್ಟ್ರೂ ನೋಡ್ತಾರೆ.” ಮಗಳು ಸಹಿ ಹಾಕಿದಳು. ಕಾಗದದ ಮೇಲೆ ಅವಳ ಕಣ್ಣೀರು ಬಿತ್ತು. ಗುಬ್ಬಿ ಅದನ್ನು ನೋಡಿ, ತಾತನ ಕಡೆ ತಿರುಗಿ ಎರಡು ಬೆರಳು ಕೂಡಿಸಿ ಬಿಡಿಸಿದಳು. ಮೇಸ್ತ್ರಿಗೆ ಈ ಸಲ ನಗು ಬರಲಿಲ್ಲ.

ಮಾರನೆಯ ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಅವನು ಗುಬ್ಬಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಕೇಂದ್ರಕ್ಕೆ ನಡೆದ. ರಾತ್ರಿಯಿಡೀ ಚೀಲದಮ್ಮನಿಗೆ ಮನಸ್ಸಿನಲ್ಲೇ ಮಂಗಳಾರತಿ ಎತ್ತಿದ್ದ. ಬೆಳಗಾಗುವ ಹೊತ್ತಿಗೆ ಬಯ್ಯಲು ಬೇರೆ ಯಾರೂ ಉಳಿದಿರಲಿಲ್ಲ, ತಾನೊಬ್ಬನೇ ಉಳಿದಿದ್ದ. ಕೇಂದ್ರವೆಂದರೆ ಉದ್ದದ ಒಂದು ಕೋಣೆ. ಮೊಣಕಾಲೆತ್ತರದ ಮೇಜುಗಳು, ಗೋಡೆಗೆ ಗೂಟ, ಗೂಟಕ್ಕೊಂದು ಪುಟ್ಟ ಟವಲು. ಚೀಲದಮ್ಮ ಒಂದು ಮೂಲೆಯಲ್ಲಿ ಬೇಸಿನ್ನಿಗೆ ಬಗ್ಗಿ ಆಟದ ಸಾಮಾನು ತೊಳೆಯುತ್ತಿದ್ದಳು. ಕೂರಲು ಮಕ್ಕಳ ಕುರ್ಚಿಗಳೇ ಇದ್ದವು. ಮೇಸ್ತ್ರಿ ಅದರಲ್ಲೊಂದರ ಮೇಲೆ ಹೇಗೋ ತನ್ನನ್ನು ತುರುಕಿಕೊಂಡ. ಮಂಡಿ ಎದೆಗೆ ಬಂತು.

“ನೀವು ಬರೆದದ್ದು ತಪ್ಪು,” ಎಂದ. ಕೇಳಿಸದವರ ದನಿ ಜೋರು. ಕೋಣೆಯೆಲ್ಲ ತಿರುಗಿ ನೋಡಿತು.

ಚೀಲದಮ್ಮ ಕೈ ಒರೆಸಿಕೊಂಡು ಬಂದು ಎದುರು ಕೂತಳು. “ಯಾವುದು ತಪ್ಪು?”

“ಮಗು ಮಂಕಾಗಿದ್ದು ಅದಾಗೇ ಅಲ್ಲ. ನಾನು ಮಾಡಿಸಿದ್ದು.”

ಅವನು ಗುಬ್ಬಿಯನ್ನು ಮುಂದೆ ನಿಲ್ಲಿಸಿಕೊಂಡು ಹಣೆ ತಟ್ಟಿದ. ಗುಬ್ಬಿ ಕಲ್ಲಾದಳು. ಕೈ ಮಾಡಿದ, ಗುಬ್ಬಿ ಅರಳಿದಳು. ಆಮೇಲೆ ಅವನಿಗೇ ತಡೆಯಲಾಗಲಿಲ್ಲ, ಹುಮ್ಮಸ್ಸು ಬಂದುಬಿಟ್ಟಿತು. ನೀರು ಬೇಕಾ ಎಂದು ಕೈಯಲ್ಲಿ ಕೇಳಿದ, ಬೇಡ ಎಂದಳು. ಚೆಂಡು ಎಲ್ಲಿ ಎಂದ, ಬೇಸಿನ್ನಿನಲ್ಲಿ ಒದ್ದೆಯಾಗಿದೆ ಎಂದು ತೋರಿಸಿದಳು. ಮನೆಗೆ ಹೋಗೋಣವೇ ಎಂದ, ಇಲ್ಲ, ಇನ್ನೂ ಆಡಬೇಕು. ಚೀಲದಮ್ಮ ಪುಸ್ತಕ ತೆಗೆದು ಒಂದೊಂದಕ್ಕೂ ಗೆರೆ ಹಾಕುತ್ತ ಹೋದಳು. ಇಪ್ಪತ್ಮೂರು ಗೆರೆ ಆದವು.

“ಯಜಮಾನ್ರೇ, ಇದೆಲ್ಲಾ ಮಾತೇ. ಮಗುವಿಗೆ ಮಾತಿಲ್ಲ ಅಂತ ಬರೆದುಬಿಟ್ನಲ್ಲ ನಾನು,” ಎಂದಳು. ಆಮೇಲೆ ಎದ್ದು ಬೇಸಿನ್ನಿನ ಕಡೆ ಹೋದಳು. ಬಹಳ ಹೊತ್ತು ಅಲ್ಲೇ ಬೆನ್ನು ಮಾಡಿ ನಿಂತಳು. ತಿರುಗಿ ಬಂದು, “ಈಗ ನಿಮಗೊಂದು ಪ್ರಶ್ನೆ ಕೇಳಿದೆ. ಏನು ಕೇಳಿದೆ ಹೇಳಿ?” ಎಂದಳು.

ಬೇಕಂತಲೇ ಸುಮ್ಮನಿದ್ದೆ ಎನ್ನುವ ಹಳೆಯ ಉತ್ತರ ಮೇಸ್ತ್ರಿಯ ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. “ಮೊದಲ ದಿನವೇ ಗೊತ್ತಾಗಿತ್ತಲ್ವಾ ನಿಮಗೆ? ಹೇಳ್ಬಹುದಿತ್ತು.”

“ಹೇಳಿದ್ರೆ ನೀವು ಮುಂದಿನ ವಾರ ಬಾಗಿಲು ತೆಗೀತಿದ್ರಾ?” ಅವಳು ಉತ್ತರಕ್ಕೆ ಕಾಯಲಿಲ್ಲ. “ತಪ್ಪು ನಂದೂ ಇದೆ. ದಿನವೆಲ್ಲ ಮಗು ಜೊತೆ ಇರೋರನ್ನ ಹೊರಗೆ ಕೂರಿಸಿದೆ. ನಮ್ಮ ಫಾರಮ್ಮಿನಲ್ಲಿ ತಾಯಿಗೆ ಜಾಗ ಇದೆ, ತಾತನಿಗೆ ಇಲ್ಲ. ನೋಡಿ, ನಿಮ್ಮ ಕೈಮಾತಿಂದ ಏನೂ ಕೆಟ್ಟಿಲ್ಲ. ಆದರೆ ಮಗು ಬಾಯಿಂದ ಏನಾದ್ರೂ ಅಂದಾಗ ಯಾರಾದ್ರೂ ತಿರುಗಿ ‘ಹ್ಞೂಂ’ ಅನ್ನಬೇಕು. ಅನ್ನೋರಿಲ್ಲದಿದ್ರೆ ಅದು ಯಾಕೆ ಬಾಯಿ ಬಿಡುತ್ತೆ?”

ಅವಳು ಎರಡು ಷರತ್ತು ಹಾಕಿದಳು. ಅವು ನಡೆದರೆ ಕಾಗದ ಬದಲಾಯಿಸುತ್ತಾಳೆ, ಗುಬ್ಬಿ ಬೆಳಿಗ್ಗೆ ಮೂರು ತಾಸು ಮಾತ್ರ ಕೇಂದ್ರದಲ್ಲಿದ್ದು ಉಳಿದ ದಿನವೆಲ್ಲ ತಾತನ ಹತ್ತಿರವೇ ಇರಬಹುದು. ಒಂದು, ಮೇಸ್ತ್ರಿ ಕಿವಿ ತೋರಿಸಿಕೊಂಡು ಯಂತ್ರ ಹಾಕಿಸಿಕೊಳ್ಳಬೇಕು. ಎರಡು, ಕೈಮಾತನ್ನೆಲ್ಲ ಮಗಳಿಗೆ ಕಲಿಸಬೇಕು.

“ಕಿವಿ ಸರಿ,” ಎಂದ ಮೇಸ್ತ್ರಿ. “ಇನ್ನೊಂದು… ಅವಳಿಗೆ ಪುರುಸೊತ್ತೆಲ್ಲಿದೆ, ಪಾಪ.”

ಚೀಲದಮ್ಮ ಪುಸ್ತಕ ಮುಚ್ಚಿ ಅವನತ್ತ ನೋಡಿದಳು. ಮೂವತ್ತೆಂಟು ವರ್ಷ ಕೆಲಸಗಾರರ ಕಳ್ಳ ನೆಪಗಳನ್ನು ಕೇಳಿದವನಿಗೆ ತನ್ನ ನೆಪ ಎಂಥದೆಂದು ಗೊತ್ತಾಗದೆ ಇರುತ್ತದೆಯೇ? ಕಿವಿಯ ಗುಟ್ಟು ಬಿಟ್ಟುಕೊಡುವುದು ಕಷ್ಟವಾಗಿರಲಿಲ್ಲ. ಗುಬ್ಬಿಯ ಗುಟ್ಟು ಬಿಟ್ಟುಕೊಡುವುದು ಕರುಳು ಕಿತ್ತು ಕೊಟ್ಟಂತೆ ಆಗುತ್ತಿತ್ತು. ಆದರೂ ತಲೆಯಾಡಿಸಿದ.

ಸಂಜೆ ಮಗಳಿಗೆ ಎಲ್ಲವನ್ನೂ ಹೇಳಿದ. ಅವಳು ಕೂಗಾಡಲಿಲ್ಲ. “ನಾನು ವೇಲು ಎಳೀತಾ ಕೂತಿದ್ನಲ್ಲಪ್ಪ, ಅವತ್ತೂ?” ಎಂದಳು. “ಅವತ್ತೂ” ಎಂದ. ಅವಳು ಎದ್ದು ಒಳಗೆ ಹೋದಳು. ಎರಡು ದಿನ ಅಪ್ಪನ ತಟ್ಟೆಯನ್ನು ಮೇಜಿನ ಮೇಲಿಟ್ಟು, ಮುಖ ನೋಡದೆ ಹೋಗುತ್ತಿದ್ದಳು. ತುಟಿ ಕಾಣದಿದ್ದರೆ ಅವನಿಗೆ ಮಾತೇ ಇಲ್ಲವೆಂದು ಈಗ ಅವಳಿಗೆ ಗೊತ್ತಿತ್ತು. ಮೂರನೆಯ ದಿನ ಎದುರು ಬಂದು ಕೂತು, ಎರಡೂ ಕೈ ಮೇಜಿನ ಮೇಲೆ ಇಟ್ಟು, “ಕಲಿಸು” ಎಂದಳು.

ಮೇಸ್ತ್ರಿ ಕಲಿಸಿದ, ಜಿಪುಣ ಅಂಗಡಿಯವನ ಹಾಗೆ. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು. ನೀರು, ಹಾಲು, ಚೆಂಡು. ಮಗಳ ಬೆರಳು ಚುರುಕು. ಹೇಳಿಕೊಟ್ಟದ್ದಕ್ಕಿಂತ ಜಾಸ್ತಿ ಹಿಡಿದುಬಿಡುತ್ತಿದ್ದಳು. ನಾಲ್ಕನೆಯ ಸಂಜೆ ಅವಳು ಗುಬ್ಬಿಯ ಕಡೆ ತಿರುಗಿ, ತಪ್ಪು ತಪ್ಪಾಗಿ, ‘ಇವತ್ತು ಏನು ತಿಂದೆ?’ ಎಂದು ಕೈಯಲ್ಲಿ ಕೇಳಿದಳು. ತಾತನ ತೊಡೆಯ ಮೇಲಿದ್ದ ಗುಬ್ಬಿ ಅಮ್ಮನ ಕೈಯನ್ನೇ ನೋಡಿದಳು. ಬಾಯಿ ತೆರೆಯಿತು, ಮುಚ್ಚಿತು. ಆಮೇಲೆ ಸರ್ರನೆ ಜಾರಿ ಇಳಿದು ಓಡಿದಳು. ಎರಡು ಕೈ ಸಾಲದ ಹಾಗೆ ಹೇಳಿದ್ದೇ ಹೇಳಿದ್ದು. ಬಾಳೆಹಣ್ಣು, ಬೆಕ್ಕು, ಬಿದ್ದ ಲೋಟ, ತಾತ ಗೊರಕೆ ಹೊಡೆದದ್ದು. ಎಷ್ಟು ದಿನದಿಂದ ಕೂಡಿಟ್ಟುಕೊಂಡಿದ್ದಳೋ. ಮಗಳು ಅಳುತ್ತ, ನಗುತ್ತ, “ಆಮೇಲೆ? ಆಮೇಲೆ?” ಎನ್ನುತ್ತಿದ್ದಳು. ಮೇಸ್ತ್ರಿ ತೊಡೆಯ ಮೇಲಿನ ಪಂಚೆಯ ನೆರಿಗೆಯನ್ನು ಸರಿಮಾಡಿಕೊಳ್ಳುತ್ತ ಕೂತ. ಅವನಿಗೆ ಆದದ್ದು ಅಪ್ಪಟ ಹೊಟ್ಟೆಕಿಚ್ಚು. ಸ್ವಂತ ಮಗಳ ಮೇಲೆ, ಅವಳ ಸ್ವಂತ ಮಗುವಿನ ವಿಷಯಕ್ಕೆ.

ಆ ವಾರದ ಕೊನೆಗೆ ಕಿವಿಗೆ ಯಂತ್ರ ಬಂತು. ಮೊದಲೆರಡು ದಿನ ಪ್ಲಾಸ್ಟಿಕ್ ಕವರಿನ ಸದ್ದಿಗೂ ಬೆಚ್ಚಿಬಿದ್ದ. ಚಮಚ ತಟ್ಟೆಗೆ ತಾಗಿದರೆ ಹಲ್ಲು ಕಡಿದ. ಮಗಳ ದನಿ ಅವನು ಅಂದುಕೊಂಡದ್ದಕ್ಕಿಂತ ತೆಳುವಾಗಿತ್ತು, ಅವಳ ಅಮ್ಮನ ದನಿಯ ಹಾಗೆ. ಗುಬ್ಬಿಯ ದನಿ ಹೇಗಿದೆ ಎಂದು ಕಾದ. ಗುಬ್ಬಿ ಯಾವಾಗಲೂ ಸುತ್ತು ಹಾಕಿ ಅವನ ಎದುರಿಗೆ ಬಂದು, ಅಂಗಿ ಜಗ್ಗಿ, ಕೈಯಲ್ಲೇ ಹೇಳುತ್ತಿದ್ದಳು. ಬಾಯಿ ಬಿಡಲಿಲ್ಲ.

“ಇವಳಿಗೆ ನಿಜವಾಗ್ಲೂ ಮಾತು ಬರುತ್ತಾ?” ಎಂದು ಒಂದು ಬೆಳಿಗ್ಗೆ ಮಗಳನ್ನು ಕೇಳಿದ.

ಮಗಳು ಬಟ್ಟೆ ಮಡಚುತ್ತಿದ್ದಳು. ಕೈಯಲ್ಲಿದ್ದ ಪುಟ್ಟ ಫ್ರಾಕನ್ನು ಮಡಚಿದಳು, ಬಿಡಿಸಿದಳು, ಮತ್ತೆ ಮಡಚಿದಳು. “ಒಂದು ಮಾತು ಬರ್ತಿತ್ತು.”

“ಏನು?”

“ತಾ. ನಿನ್ನನ್ನ ಕರೀತಿದ್ಲು. ಒಂದೂವರೆ ವರ್ಷಕ್ಕೇ ಶುರುಮಾಡಿದ್ಲು. ನಿನ್ನ ಕುರ್ಚಿ ಹಿಂದೆ ನಿಂತು ತಾ, ತಾ ಅಂತ ಎಷ್ಟೊತ್ತು ಕರೀತಿದ್ಲು. ನೀನು ತಿರುಗ್ತಿರಲಿಲ್ಲ.” ಅವಳು ತಲೆ ಎತ್ತಲಿಲ್ಲ. “ಒಂದು ಮಾತು ಹೇಳಿದ್ರೆ ಸಾಕಿತ್ತು, ನಿಂಗೆ. ನಾನು ಹೇಳಲಿಲ್ಲ. ಒಂಬತ್ತು ತಿಂಗಳು ಹೊತ್ತಿದ್ದು ನಾನು, ಮೊದಲು ಕರೆದದ್ದು ನಿನ್ನನ್ನ. ಟೀಚರ್ ಕೇಳಿದಾಗ್ಲೂ ಇಲ್ಲ ಅಂದೆ. ಆಮೇಲೆ ಅವಳೇ ನಿಲ್ಲಿಸಿಬಿಟ್ಲು, ಕರೆಯೋದನ್ನ.”

ಮೇಸ್ತ್ರಿಗೆ ಸಿಟ್ಟು ಬರಬೇಕಿತ್ತು. ಬಂತು ಕೂಡ, ಆದರೆ ಮಗಳ ಮುಖ ನೋಡಿದಾಗ ಅದರಲ್ಲಿ ತನ್ನದೇ ಮುಖ ಕಂಡಿತು. ಹೊಟ್ಟೆಕಿಚ್ಚು ಅವಳಿಗೆ ಎಲ್ಲಿಂದ ಬಂದಿರಬೇಕು ಎಂದು ಯೋಚಿಸಬೇಕಾಗಿಯೇ ಇರಲಿಲ್ಲ. ಅವನು ರಾಶಿಯಿಂದ ಒಂದು ಟವಲು ಎಳೆದುಕೊಂಡು ಮಡಚತೊಡಗಿದ.

ಅಂದಿನಿಂದ ಅವನಿಗೆ ಒಂದು ಹೊಸ ಚಾಳಿ ಹತ್ತಿಕೊಂಡಿತು. ಗುಬ್ಬಿ ಆಡುವ ಕಡೆಗೆ ಬೆನ್ನು ಮಾಡಿ ಕೂರುವುದು. ಯಂತ್ರದ ತಿರುಪನ್ನು ಪೂರ್ತಿ ಏರಿಸಿ, ಪೇಪರು ಹಿಡಿದು, ಒಂದು ಅಕ್ಷರವನ್ನೂ ಓದದೆ ಕಾಯುವುದು. ಈ ಸಲ ಕರೆದರೆ ಸಾಕು, ಒಂದೇ ಕೂಗಿಗೆ ತಿರುಗುತ್ತೇನೆ. ಚೀಲದಮ್ಮ ಮಂಗಳವಾರ ಬಂದಾಗ ಈಗ ನಾಲ್ಕು ಜನವೂ ನೆಲದ ಮೇಲೆ ಕೂರುತ್ತಿದ್ದರು. ಕೈ ಮಾಡುವಾಗ ಬಾಯಲ್ಲೂ ಹೇಳಿ ಎಂದು ಅವಳು ಕಲಿಸಿದ್ದಳು. ಮೇಸ್ತ್ರಿ ಹೆಬ್ಬೆರಳನ್ನು ತುಟಿಗೆ ತಂದು “ನೀರು” ಎನ್ನುತ್ತಿದ್ದ, ಮಗಳೂ ಅನ್ನುತ್ತಿದ್ದಳು. ಗುಬ್ಬಿ ಇಬ್ಬರ ಬಾಯಿಯನ್ನೂ ನೋಡುತ್ತಿದ್ದಳು. ಒಂದು ತಿಂಗಳು ಹೋಯಿತು. ತಾ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮಗಳು ಅಡುಗೆಮನೆಯಲ್ಲಿ ನಲ್ಲಿ ಪೂರ್ತಿ ಬಿಟ್ಟುಕೊಂಡು ಪಾತ್ರೆ ತಿಕ್ಕುತ್ತಿದ್ದಳು. ಮೇಸ್ತ್ರಿ ಹಜಾರದಲ್ಲಿ ಎಂದಿನ ಹಾಗೆ ಬೆನ್ನು ಮಾಡಿ ಪೇಪರಿನ ಹಿಂದೆ ಕೂತಿದ್ದ. ಗುಬ್ಬಿ ಚೀಲದಮ್ಮ ಬಿಟ್ಟುಹೋಗಿದ್ದ ಮರದ ಬಳೆಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದಳು. ಎಲ್ಲ ಬಳೆಯೂ ನಿಂತಿರಬೇಕು, ಯಾಕೆಂದರೆ ಸದ್ದು ನಿಂತಿತು. ಆಮೇಲೆ ಹಿಂದಿನಿಂದ ಬಂತು, ಒರಟಾದ ಸಣ್ಣ ದನಿ, ಬಹಳ ದಿನ ಬಳಸದೆ ಇಟ್ಟದ್ದು.

“ಅಮ್ಮಾ.”

ಮೇಸ್ತ್ರಿಯ ಕೈಯಲ್ಲಿ ಪೇಪರು ಹಾಗೇ ನಿಂತಿತು. ತಾ ಅಲ್ಲ. ಇಷ್ಟು ದಿನ ಕಿವಿ ಚಾಚಿ ಕೂತದ್ದು ಇದಕ್ಕೇನು? ಮತ್ತೆ, “ಅಮ್ಮಾ.” ಒಳಗೆ ನೀರು ಧೋ ಎಂದು ಸುರಿಯುತ್ತಿತ್ತು, ಪಾತ್ರೆ ಗಲಗಲ ಅನ್ನುತ್ತಿತ್ತು. ಮಗಳಿಗೆ ಕೇಳಿಸಿರಲಿಲ್ಲ. ಇಡೀ ಮನೆಯಲ್ಲಿ ಕೇಳಿಸಿದ್ದು ಅವನೊಬ್ಬನಿಗೇ. ಸುಮ್ಮನೆ ಕೂತರೆ ಗುಬ್ಬಿ ಇನ್ನೂ ಒಂದೆರಡು ಸಲ ಕರೆಯುತ್ತಾಳೆ, ಆಮೇಲೆ ನಿಲ್ಲಿಸುತ್ತಾಳೆ. ಯಾರೂ ತಿರುಗದಿದ್ದರೆ ನಿಲ್ಲಿಸುತ್ತಾಳೆ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾಳೆಯೋ ನಾಡಿದ್ದೋ ತಾ ಎನ್ನಬಹುದು. ಮೊದಲು ತನ್ನನ್ನೇ ಕರೆಯಬಹುದು. ಒಂದು ಸುಮ್ಮನಿರುವಿಕೆ, ಅಷ್ಟೇ, ಅದಕ್ಕೆ ಬೆರಳನ್ನೂ ಎತ್ತಬೇಕಾಗಿರಲಿಲ್ಲ. ಎರಡು ಉಸಿರಿನಷ್ಟು ಹೊತ್ತು ಮೇಸ್ತ್ರಿ ಕೂತೇ ಇದ್ದ.

“ಅಮ್ಮಾ.” ಈ ಸಲ ದನಿ ಸ್ವಲ್ಪ ಕುಗ್ಗಿತ್ತು.

ಅವನು ಎದ್ದು ಅಡುಗೆಮನೆಗೆ ಹೋಗಿ ಮಗಳ ಹೆಗಲ ಮೇಲಿಂದ ಕೈ ಚಾಚಿ ನಲ್ಲಿ ತಿರುಗಿಸಿ ನಿಲ್ಲಿಸಿದ. “ಯಾಕಪ್ಪಾ?” ಎಂದಳು ಅವಳು, ಎರಡೂ ಕೈಯಲ್ಲಿ ನೊರೆ.

“ಕರೀತಿದ್ದಾಳೆ,” ಎಂದ ಮೇಸ್ತ್ರಿ. “ನಿನ್ನನ್ನ.”

ಹೊರಗಿನಿಂದ ಮತ್ತೊಮ್ಮೆ ಬಂತು. ಮಗಳು ಕೈ ಒರೆಸಿಕೊಳ್ಳದೆ, ಅಪ್ಪನನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಓಡಿದಳು. ಮೇಸ್ತ್ರಿ ಅಂಗಿಯ ತೋಳು ಮಡಚಿ, ಉಳಿದ ಪಾತ್ರೆ ತೊಳೆಯಲು ನಿಂತ. ಅವರಿಬ್ಬರ ದನಿ ಕೇಳಿಸಲಿ ಎಂದು ನಲ್ಲಿಯನ್ನು ಸಣ್ಣಗೆ ಬಿಟ್ಟುಕೊಂಡ.